ಕಿವಿಯಲ್ಲಿ ರೇಡಿಯೋ ಇಲ್ಲದ ಕ್ವಾರ್ಟರ್‌ಬ್ಯಾಕ್: ಜಾನಿ ಯುನೈಟಸ್

2024ರ ಫೆಬ್ರವರಿ 12, ಸೋಮವಾರ, ಬೆಳಗಿನ ಜಾವ 5 ಗಂಟೆ. ಚಾಮರಾಜನಗರದ ಹತ್ತಿರ ಕುದೇರಿನಲ್ಲಿ ನಮ್ಮ ಗೆಳೆಯನ ಮನೆ ಜಗಲಿ. ರಜೆಗೆ ಅಂತ ಹೋಗಿದ್ದ ನಾವು ನಾಲ್ಕು ಜನ ಒಂದೇ ಲ್ಯಾಪ್‌ಟಾಪಿನ ಮುಂದೆ ಕಂಬಳಿ ಹೊದ್ದು ಕೂತಿದ್ವಿ. ಅಮೆರಿಕದಲ್ಲಿ ಅದು ಭಾನುವಾರ ಸಂಜೆ, ಸೂಪರ್ ಬೌಲ್ ಶುರುವಾಗೋ ಹೊತ್ತು. ಕುದೇರಿನಲ್ಲಿ ಹಾಲು ಕರೆಯೋ ಹೊತ್ತು. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರೋ ಊರು ಅದು. ಆ ಹೊತ್ತಿಗೆ ಅಲ್ಲಿ ಮಲಗಿರೋರು ಯಾರಾದ್ರೂ ಇದ್ರೆ ಹಾಸ್ಟೆಲಿನಿಂದ ಬಂದ ಹುಡುಗರು ಮಾತ್ರ.

ಪಂದ್ಯ ಕಾನ್ಸಾಸ್ ಸಿಟಿ ಚೀಫ್ಸ್‌ಗೂ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ಗೂ. ನಮ್ಮಲ್ಲೇ ಎರಡು ಪಕ್ಷ. ಒಂದು ಪಕ್ಷ ಪ್ಯಾಟ್ರಿಕ್ ಮಹೋಮ್ಸ್ ಕಡೆ. ಇನ್ನೊಂದು ಬ್ರಾಕ್ ಪರ್ಡಿ ಕಡೆ. ಪರ್ಡಿ ಅಂದ್ರೆ 2022ರ ಡ್ರಾಫ್ಟ್‌ನಲ್ಲಿ 262ನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಆಯ್ಕೆಯಾದ ಹುಡುಗ. ಅವನು ನಿಜವಾಗಲೂ ಮೊದಲ ಸಾಲಿನ ಕ್ವಾರ್ಟರ್‌ಬ್ಯಾಕಾ, ಇಲ್ಲ ಒಳ್ಳೇ ಕೋಚು, ಒಳ್ಳೇ ತಂಡದ ನೆರಳಲ್ಲಿ ಹಾಗೆ ಕಾಣ್ತಾನಾ ಅನ್ನೋದೇ ಜಗಳ. ಪಾಸ್ ಶೇಕಡಾವಾರು, ರೇಟಿಂಗ್, ಎಲ್ಲ ಅಂಕಿ-ಅಂಶ ತೆಗೆದು ಇಟ್ಟಿದ್ವಿ.

ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದ ಗೆಳೆಯನ ತಾತ ಸ್ವಲ್ಪ ಹೊತ್ತು ನಿಂತು ನೋಡಿದರು. ಗೆರೆಯ ಆಚೆ ನಿಂತಿದ್ದ ಕೋಚು ದೊಡ್ಡದೊಂದು ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳ್ತಾ ಇದ್ದ. ಅವನು ಯಾರ ಜೊತೆ ಮಾತಾಡ್ತಾ ಇದಾನೆ ಅಂತ ತಾತ ಕೇಳಿದರು. ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇದೆಯಲ್ಲ, ಆ ಹುಡುಗನ ಕಿವಿ ಹತ್ತಿರ ಸಣ್ಣ ಸ್ಪೀಕರ್ ಇರುತ್ತೆ, ಮುಂದಿನ ಆಟ ಯಾವುದು ಅಂತ ಕೋಚು ಅದರಲ್ಲಿ ಹೇಳ್ತಾನೆ, ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ತಾನಾಗೇ ಕಟ್ ಆಗುತ್ತೆ ಅಂತ ನಾವು ಉತ್ಸಾಹದಿಂದ ವಿವರಿಸಿದ್ವಿ. ತಾತ ಎಲ್ಲ ಕೇಳಿಸಿಕೊಂಡು, ಹಾಗಾದ್ರೆ ಆಡ್ತಾ ಇರೋನು ಆ ಹುಡುಗನೋ ಈ ಹಾಳೆಯವನೋ ಅಂತ ಕೇಳಿ, ಉತ್ತರಕ್ಕೂ ಕಾಯದೆ ಕೊಟ್ಟಿಗೆ ಕಡೆ ಹೋದರು.

ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಚೀಫ್ಸ್ 25-22ರಲ್ಲಿ ಗೆದ್ದರು. ನಮ್ಮ ಜಗಳ ಮಾತ್ರ ತಾತನ ಪ್ರಶ್ನೆಯಲ್ಲೇ ಸಿಕ್ಕಿಕೊಂಡು ಕಾಲೇಜಿನವರೆಗೂ ಬಂತು. ಹೇಳಿಕೊಡೋರು ಯಾರೂ ಇಲ್ಲದೆ, ಮೈದಾನದ ನಡುವೆ ತಾನೇ ತೀರ್ಮಾನ ಮಾಡಿ ಆಡಿದ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಹುಡುಕಿಕೊಂಡು ಹಿಂದಕ್ಕೆ ಹೋದ್ರೆ ಸಿಗೋ ಮನುಷ್ಯ ಜಾನಿ ಯುನೈಟಸ್. ಈ ಸಲ ಅವನ ಕಥೆ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇದು ನಮ್ಮ ಫುಟ್‌ಬಾಲ್ ಅಲ್ಲ. ಎರಡೂ ಕಡೆ 11 ಜನ, 100 ಯಾರ್ಡ್ ಉದ್ದದ ಮೈದಾನ. ಚೆಂಡು ಇರೋ ತಂಡಕ್ಕೆ ನಾಲ್ಕು ಅವಕಾಶ, ಅವುಗಳಿಗೆ ಡೌನ್ ಅಂತ ಹೆಸರು. ಅಷ್ಟರೊಳಗೆ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ರೆ ಚೆಂಡು ಎದುರಾಳಿಗೆ. ಕೊನೇ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಕಂಬದ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಪ್ರತಿ ಸಲ ಚೆಂಡು ಮೊದಲು ಕೈಗೆ ಬರೋದು ಕ್ವಾರ್ಟರ್‌ಬ್ಯಾಕ್‌ಗೆ. ಪಕ್ಕದವನಿಗೆ ಕೊಟ್ಟು ಓಡಿಸಬೇಕಾ, ದೂರಕ್ಕೆ ಎಸೀಬೇಕಾ, ಎಸೆದ್ರೆ ಯಾರಿಗೆ, ಇದೆಲ್ಲ ಮೂರು ಸೆಕೆಂಡಿನ ವ್ಯವಹಾರ. ಅಷ್ಟರಲ್ಲಿ 120 ಕೆಜಿಯ ನಾಲ್ಕು ಜನ ಮೈಮೇಲೆ ಬೀಳೋಕೆ ಬರ್ತಾ ಇರ್ತಾರೆ. ಕಬಡ್ಡಿಯಲ್ಲಿ ಡೂ ಆರ್ ಡೈ ರೇಡ್‌ಗೆ ಹೋದವನ ತಲೆಯೊಳಗೆ ಏನು ಓಡುತ್ತೋ ಅದನ್ನ ಪಂದ್ಯಪೂರ್ತಿ ಓಡಿಸಬೇಕಾದವನು ಅವನು.

ಯುನೈಟಸ್ ಹುಟ್ಟಿದ್ದು 1933ರ ಮೇ 7ರಂದು, ಪಿಟ್ಸ್‌ಬರ್ಗ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಲಿಥುವೇನಿಯಾದಿಂದ ವಲಸೆ ಬಂದ ಕುಟುಂಬ. ಅಪ್ಪನದು ಲಾರಿಯಲ್ಲಿ ಮನೆಮನೆಗೆ ಕಲ್ಲಿದ್ದಲು ಹಾಕೋ ವ್ಯಾಪಾರ. ಜಾನಿಗೆ ಐದು ವರ್ಷ ಇದ್ದಾಗ ಅಪ್ಪ ತೀರಿಕೊಂಡ. ನಾಲ್ಕು ಮಕ್ಕಳ ತಾಯಿ ಹೆಲೆನ್ ಆ ವ್ಯಾಪಾರವನ್ನ ಬಿಡದೆ ನಡೆಸಿದಳು, ಅದು ಸಾಲದೆ ರಾತ್ರಿ ಹೊತ್ತು ಆಫೀಸುಗಳ ಕಸ ಗುಡಿಸಿದಳು, ಅದರ ನಡುವೆಯೇ ಲೆಕ್ಕಪತ್ರ ಬರೆಯೋದನ್ನ ಕಲಿತು ಕೆಲಸ ಹಿಡಿದಳು. ಒತ್ತಡದಲ್ಲಿ ಗಟ್ಟಿಯಾಗಿ ನಿಲ್ಲೋದು ಎಲ್ಲಿಂದ ಬಂತು ಅಂತ ಕೇಳಿದವರಿಗೆ ಯುನೈಟಸ್ ದೊಡ್ಡವನಾದ ಮೇಲೂ ಕೋಚುಗಳಿಗಿಂತ ಮುಂಚೆ ಹೇಳ್ತಾ ಇದ್ದಿದ್ದು ತಾಯಿಯ ಹೆಸರು.

ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿದ. ಆದರೆ ತೆಳ್ಳಗಿನ ಹುಡುಗ. ನೋಟ್ರ ಡೇಮ್ ವಿಶ್ವವಿದ್ಯಾಲಯದವರು ನೋಡಿ, ಇಷ್ಟು ಸಣ್ಣ ಮೈ ಇಟ್ಟುಕೊಂಡು ಈ ಆಟ ಆಗೋದಿಲ್ಲ ಅಂದ್ರು. ಸ್ವಂತ ಊರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಯೇ ಪಾಸಾಗಲಿಲ್ಲ. ಕೊನೆಗೆ ಕರೆದಿದ್ದು ಕೆಂಟಕಿ ರಾಜ್ಯದ ಲೂಯಿವಿಲ್. ಅಲ್ಲಿ ಫುಟ್‌ಬಾಲಿಗೆ ದೊಡ್ಡ ಹೆಸರೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಸೋಲುವ ತಂಡದಲ್ಲಿ ಆಡೋದರ ಒಂದು ಅನುಕೂಲ ಅಂದ್ರೆ ಎಲ್ಲ ಕೆಲಸವೂ ನಿಮ್ಮ ತಲೆ ಮೇಲೆ ಬೀಳುತ್ತೆ. ಅವನು ಪಾಸ್ ಎಸೆಯೋದರ ಜೊತೆ ರಕ್ಷಣೆಯಲ್ಲೂ ಆಡಿದ. ಎದುರಾಳಿ ಪಾಸ್ ಮಾಡೋವಾಗ ರಕ್ಷಕನ ಕಣ್ಣು ಎಲ್ಲಿರುತ್ತೆ, ಕಾಲು ಯಾವ ಕಡೆ ತಿರುಗುತ್ತೆ ಅನ್ನೋದು ಆ ಜಾಗದಲ್ಲಿ ನಿಂತವನಿಗೇ ಗೊತ್ತು.

1955ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವನನ್ನ ಒಂಬತ್ತನೇ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡರು. ಹುಟ್ಟಿದೂರಿನ ತಂಡ! ಆದರೆ ತರಬೇತಿ ಶಿಬಿರದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೇ ನಾಲ್ಕು ಜನ. ಅಭ್ಯಾಸ ಪಂದ್ಯಗಳಲ್ಲಿ ಒಂದರಲ್ಲೂ ಅವನಿಗೆ ಆಡೋ ಅವಕಾಶ ಸಿಗಲಿಲ್ಲ. ಒಂದೂ ಪಾಸ್ ಎಸೆಯದೆಯೇ ತಂಡದಿಂದ ಹೊರಗೆ ಬಿದ್ದ. ಇಷ್ಟು ದೊಡ್ಡ ಆಟವನ್ನ ನಡೆಸೋ ಬುದ್ಧಿ ಈ ಹುಡುಗನಿಗಿಲ್ಲ ಅನ್ನೋದು ಕೋಚ್ ವಾಲ್ಟ್ ಕೀಸ್ಲಿಂಗ್ ಅಭಿಪ್ರಾಯವಾಗಿತ್ತು. ಮುಂದೆ ಅದೇ ಆಟದಲ್ಲಿ ಬುದ್ಧಿಗೆ ಇನ್ನೊಂದು ಹೆಸರು ಅಂತ ಯಾರನ್ನ ಕರೆದರೋ ಅವನ ಬಗ್ಗೆ ಬಂದ ಷರಾ ಇದು. ಊರಿಗೆ ವಾಪಸ್ ಹೋಗೋಕೆ ಕೊಟ್ಟ ಬಸ್ ಚಾರ್ಜನ್ನ ಉಳಿಸಿಕೊಂಡು, ದಾರಿಯಲ್ಲಿ ಬಂದ ಗಾಡಿಗಳಿಗೆ ಕೈ ಅಡ್ಡ ಹಾಕಿ ಮನೆ ಸೇರಿದ ಅಂತ ಹೇಳ್ತಾರೆ. ಆ ಹೊತ್ತಿಗೆ ಮದುವೆಯೂ ಆಗಿತ್ತು.

ಮುಂದಿನ ಒಂದು ವರ್ಷ ಅವನು ಕಟ್ಟಡದ ಕೆಲಸಕ್ಕೆ ಹೋದ, ನೆಲಕ್ಕೆ ಕಂಬ ಹೊಡೆಯೋ ಯಂತ್ರದ ತಂಡದಲ್ಲಿ. ಅದರ ಜೊತೆ ಬ್ಲೂಮ್‌ಫೀಲ್ಡ್ ರ್ಯಾಮ್ಸ್ ಅನ್ನೋ ಮೊಹಲ್ಲಾ ಮಟ್ಟದ ತಂಡಕ್ಕೆ ಪಂದ್ಯಕ್ಕೆ 6 ಡಾಲರ್ ತಗೊಂಡು ಆಡಿದ. ಹುಲ್ಲಿಲ್ಲದ ಮೈದಾನ. ಧೂಳು ಏಳಬಾರದು ಅಂತ ಆಟಕ್ಕೆ ಮುಂಚೆ ಎಣ್ಣೆ ಚಿಮುಕಿಸ್ತಾ ಇದ್ರು. ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿಮೆಂಟಿಗೆ ನೀರು ಹೊಡೆದು ಪಿಚ್ ಮಾಡ್ತಾರಲ್ಲ, ಅದರ ಪಿಟ್ಸ್‌ಬರ್ಗ್ ಆವೃತ್ತಿ ಅಂದ್ಕೊಳ್ಳಿ.

1956ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡಕ್ಕೆ ಕಡಿಮೆ ಖರ್ಚಿನ ಒಬ್ಬ ಬದಲಿ ಕ್ವಾರ್ಟರ್‌ಬ್ಯಾಕ್ ಬೇಕಾಗಿತ್ತು. ಬಿಟ್ಟು ಕಳಿಸಿದವರ ಪಟ್ಟಿ ನೋಡಿ ಫೋನ್ ಮಾಡಿದರು. ಆ ಕರೆಗೆ ಆದ ಖರ್ಚು 80 ಸೆಂಟ್ ಅಂತ ಬಾಲ್ಟಿಮೋರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ತಾರೆ. ಒಪ್ಪಂದ 7,000 ಡಾಲರ್‌ಗೆ, ಅದೂ ತಂಡದಲ್ಲಿ ಉಳಿದರೆ ಮಾತ್ರ. ನಾಲ್ಕನೇ ಪಂದ್ಯದಲ್ಲಿ, ಶಿಕಾಗೋ ಬೇರ್ಸ್ ವಿರುದ್ಧ, ಮುಖ್ಯ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಶಾ ಕಾಲಿಗೆ ಪೆಟ್ಟು ಬಿತ್ತು. ಯುನೈಟಸ್ ಒಳಗೆ ಬಂದ. ಅವನು ಎಸೆದ ಮೊದಲನೇ ಪಾಸನ್ನು ಎದುರಾಳಿ ಹಿಡಿದುಕೊಂಡು ಹೋಗಿ ಟಚ್‌ಡೌನ್ ಮಾಡಿದ. ಆಮೇಲೆ ಪಕ್ಕದವನಿಗೆ ಚೆಂಡು ಕೊಡೋವಾಗ ಕೈ ತಪ್ಪಿತು. ತಂಡ 58-27ರಲ್ಲಿ ಸೋತಿತು. ಸಿನಿಮಾದಲ್ಲಾದ್ರೆ ಹೀರೋ ಎಂಟ್ರಿ ಹೀಗಿರಲ್ಲ. ಆದರೂ ಮುಂದಿನ ವಾರ ಅವನನ್ನೇ ಆಡಿಸಿದರು, ಯಾಕಂದ್ರೆ ಬೇರೆ ಯಾರೂ ಇರಲಿಲ್ಲ. ಶಾಗೆ ಆ ಜಾಗ ಮತ್ತೆ ಸಿಗಲೇ ಇಲ್ಲ.

ಇಲ್ಲಿ ತಾತನ ಪ್ರಶ್ನೆಗೆ ಸಂಬಂಧಪಟ್ಟ ಒಂದು ಅಡ್ಡಮಾತು, ಎಲೆಕ್ಟ್ರಾನಿಕ್ಸ್ ಬ್ರಾಂಚಿನವರಿಗಾಗಿ. ಅದೇ 1956ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೋಚ್ ಪಾಲ್ ಬ್ರೌನ್ ತನ್ನ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೋ ರಿಸೀವರ್ ಕೂರಿಸಿ ನೋಡಿದ. ಸುದ್ದಿ ಹಬ್ಬಿದ್ದೇ ತಡ, ಲೀಗಿನ ಮುಖ್ಯಸ್ಥ ಬರ್ಟ್ ಬೆಲ್ ಅದನ್ನ ನಿಷೇಧಿಸಿದ. ಮತ್ತೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಬ್ರೌನ್ ಅಷ್ಟು ಮಾಡೋಕೆ ಹೊರಟಿದ್ದು ಕ್ವಾರ್ಟರ್‌ಬ್ಯಾಕ್‌ನ ತೀರ್ಮಾನದ ಮೇಲೆ ನಂಬಿಕೆ ಇಲ್ಲದೆ. ಕೋಲ್ಟ್ಸ್ ಕೋಚ್ ವೀಬ್ ಯೂಬ್ಯಾಂಕ್ ಅದೇ ಬ್ರೌನ್ ಕೈಕೆಳಗೆ ಪಳಗಿ ಬಂದವನು, ಆದರೆ ಅವನ ದಾರಿ ಬೇರೆ. ವಾರವಿಡೀ ತಯಾರಿ ಮಾಡಿಸೋದು, ಭಾನುವಾರ ಆಟ ಶುರುವಾದ ಮೇಲೆ ಬಹುಮಟ್ಟಿಗೆ ಯುನೈಟಸ್‌ಗೆ ಬಿಡೋದು. ಯಾವ ಡೌನ್‌ಗೆ ಯಾವ ಆಟ ಅನ್ನೋದನ್ನ ಗುಂಪು ಸೇರಿದಾಗ ಅವನೇ ಹೇಳ್ತಾ ಇದ್ದ. ಗೆರೆ ಮುಂದೆ ಬಂದು ನಿಂತ ಮೇಲೆ ಎದುರಿನವರು ನಿಂತ ರೀತಿ ಹಿಡಿಸದಿದ್ರೆ, ಕೂಗಿ ಅಲ್ಲೇ ಬದಲಾಯಿಸ್ತಾ ಇದ್ದ.

ಅವನ ಜೊತೆಗಾರ ರೇಮಂಡ್ ಬೆರಿ ಬಗ್ಗೆ ಹೇಳದಿದ್ರೆ ಕಥೆ ಅರ್ಧ. ಬೆರಿ 20ನೇ ಸುತ್ತಿನಲ್ಲಿ ಆಯ್ಕೆಯಾದವನು. ಓಟ ಸಾಧಾರಣ, ಕಣ್ಣು ಮಂದ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಆಡಬೇಕು. ರಕ್ಷಕನನ್ನ ತಪ್ಪಿಸೋಕೆ 88 ಬಗೆಯ ಚಲನೆ ಅಂತ ಲೆಕ್ಕ ಇಟ್ಟುಕೊಂಡಿದ್ದ ಮನುಷ್ಯ. ತಂಡದ ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಇವರಿಬ್ಬರೂ ಮೈದಾನದಲ್ಲಿ ಉಳೀತಾ ಇದ್ರು. ಬೆರಿ ಎಷ್ಟನೇ ಹೆಜ್ಜೆಗೆ ತಿರುಗ್ತಾನೆ, ತಿರುಗೋ ಮುಂಚೆಯೇ ಚೆಂಡು ಕೈ ಬಿಡಬೇಕಾದ್ದು ಯಾವಾಗ ಅನ್ನೋದು ಸಾವಿರ ಸಲ ಮಾಡಿ ಮೈಗೆ ಹತ್ತಿಸಿಕೊಂಡ ಟೈಮಿಂಗ್. ಬೆರಿ ಇನ್ನೂ ಬೆನ್ನು ತಿರುಗಿಸಿ ಓಡ್ತಾ ಇರೋವಾಗಲೇ ಯುನೈಟಸ್ ಎಸೆದಾಗಿರುತ್ತೆ. ಅಲ್ಲಿ ತೋಳಿನ ಬಲಕ್ಕಿಂತ ಹೆಚ್ಚು ಕೆಲಸ ಮಾಡೋದು ಗಡಿಯಾರ.

ಈಗ 1958ರ ಡಿಸೆಂಬರ್ 28. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ, ಚಾಂಪಿಯನ್‌ಶಿಪ್ ಪಂದ್ಯ, ಕೋಲ್ಟ್ಸ್ ಎದುರು ನ್ಯೂಯಾರ್ಕ್ ಜೈಂಟ್ಸ್. 64,185 ಜನ ಒಳಗೆ, ನಾಲ್ಕು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ. ಜೈಂಟ್ಸ್ ಕಡೆ ದಾಳಿಯ ತರಬೇತಿ ವಿನ್ಸ್ ಲೊಂಬಾರ್ಡಿಯದು, ರಕ್ಷಣೆಯದು ಟಾಮ್ ಲ್ಯಾಂಡ್ರಿಯದು. ಇವತ್ತು ಸೂಪರ್ ಬೌಲ್ ಗೆದ್ದವರಿಗೆ ಕೊಡೋ ಕಪ್ಪಿಗೆ ಇರೋದು ಆ ಲೊಂಬಾರ್ಡಿಯ ಹೆಸರೇ. ಯುನೈಟಸ್ ಆ ಸೀಸನ್ನಿನ ನಡುವೆ ಪಕ್ಕೆಲುಬು ಮುರಿದುಕೊಂಡು ಕೆಲವು ಪಂದ್ಯ ತಪ್ಪಿಸಿಕೊಂಡಿದ್ದ, ಎದೆಗೆ ರಕ್ಷಾಕವಚ ಕಟ್ಟಿಕೊಂಡು ವಾಪಸ್ ಬಂದಿದ್ದ.

ಆಟ ನಿಜವಾಗಿ ಅಷ್ಟು ಚೆಂದದ್ದಲ್ಲ. ಅಮೆರಿಕನ್ನರು ಇದನ್ನ ಇದುವರೆಗೆ ಆಡಿದ ಅತ್ಯುತ್ತಮ ಪಂದ್ಯ ಅಂತಾರೆ, ಆದರೆ ಮೊದಲ ಅರ್ಧದಲ್ಲಿ ಎರಡೂ ಕಡೆ ಚೆಂಡು ಕೈ ಜಾರಿದ್ದೇ ಜಾರಿದ್ದು. ಜೈಂಟ್ಸ್‌ನ ಫ್ರ್ಯಾಂಕ್ ಗಿಫರ್ಡ್ ಬೀಳಿಸಿದ ಎರಡು ಚೆಂಡುಗಳಿಂದಲೇ ಕೋಲ್ಟ್ಸ್‌ಗೆ ಎರಡು ಟಚ್‌ಡೌನ್ ಆಯ್ತು. ವಿರಾಮಕ್ಕೆ 14-3. ಮೂರನೇ ಭಾಗದಲ್ಲಿ ಕೋಲ್ಟ್ಸ್ ಗೆರೆಯ ಹತ್ತಿರಕ್ಕೇ ಬಂದು ನಿಂತರು. ನಾಲ್ಕು ಅವಕಾಶ ಇತ್ತು, ನಾಲ್ಕರಲ್ಲೂ ಆಗಲಿಲ್ಲ. ಇದನ್ನೂ ಯುನೈಟಸ್ ಲೆಕ್ಕಕ್ಕೇ ಬರೀಬೇಕು ಅಂತ ನಮ್ಮ ಅಭಿಪ್ರಾಯ, ಆಟ ಹೇಳಿದವನು ಅವನೇ ತಾನೆ. ಅಲ್ಲಿಂದ ಗಾಳಿ ತಿರುಗಿತು. ಜೈಂಟ್ಸ್ ಪಾಸೊಂದು ಹಿಡಿದು ಓಡಿದವನ ಕೈಯಿಂದ ಚೆಂಡು ಬಿತ್ತು, ಹಿಂದೆ ಬರ್ತಾ ಇದ್ದ ಅವರದೇ ಆಟಗಾರ ಎತ್ತಿಕೊಂಡು ಗೆರೆಯ ತನಕ ಓಡಿದ. ನೋಡ್ತಾ ನೋಡ್ತಾ ಜೈಂಟ್ಸ್ 17-14ಕ್ಕೆ ಮುಂದೆ ಬಂದ್ರು.

ಆಮೇಲಿನದು ಆಟ ಮುಗಿಯೋಕೆ ಎರಡೂವರೆ ನಿಮಿಷ ಇರೋವಾಗಿನ ಘಟನೆ. ಜೈಂಟ್ಸ್‌ಗೆ ಮೂರನೇ ಡೌನ್, ಬೇಕಾದ್ದು 4 ಯಾರ್ಡ್. ಸಿಕ್ಕಿದ್ರೆ ಗಡಿಯಾರ ಓಡಿಸಿ ಗೆದ್ದುಬಿಡಬಹುದು. ಗಿಫರ್ಡ್ ನುಗ್ಗಿದ, ಕೋಲ್ಟ್ಸ್ ನಾಯಕ ಜೀನೋ ಮಾರ್ಕೆಟ್ಟಿ ಹಿಡಿದು ಬೀಳಿಸಿದ, ಮೇಲೆ ಬಿದ್ದ ಸ್ವಂತ ತಂಡದವನ ಭಾರಕ್ಕೆ ಮಾರ್ಕೆಟ್ಟಿಯ ಕಾಲು ಮುರೀತು. ಆ ಗಲಾಟೆ ಮುಗಿದ ಮೇಲೆ ಅಂಪೈರ್ ಚೆಂಡನ್ನ ಇಟ್ಟ ಜಾಗ ಗೆರೆಗಿಂತ ಸ್ವಲ್ಪ ಹಿಂದೆ. ತಾನು ದಾಟಿದ್ದೆ ಅಂತ ಗಿಫರ್ಡ್ ಸಾಯೋವರೆಗೂ ವಾದ ಮಾಡಿದ. ಜೈಂಟ್ಸ್ ಚೆಂಡನ್ನ ಒದ್ದು ಬಿಟ್ಟುಕೊಟ್ಟರು. ಮಾರ್ಕೆಟ್ಟಿ ಸ್ಟ್ರೆಚರ್ ಮೇಲೆ ಮೈದಾನದ ಅಂಚಿನಲ್ಲೇ ಉಳಿದು ಮುಂದಿನದನ್ನ ನೋಡ್ತಾ ಮಲಗಿದ.

ಯುನೈಟಸ್ ಕೈಗೆ ಚೆಂಡು ಬಂದಾಗ ತನ್ನದೇ 14 ಯಾರ್ಡ್ ಗೆರೆ, ಎದುರಿಗೆ 86 ಯಾರ್ಡ್, ಉಳಿದಿದ್ದು ಎರಡು ನಿಮಿಷಕ್ಕಿಂತ ಕಡಿಮೆ. ಮೊದಲ ಎರಡು ಪಾಸ್ ನೆಲಕ್ಕೆ. ಮೂರನೆಯದು ಲೆನಿ ಮೂರ್‌ಗೆ, 11 ಯಾರ್ಡ್. ಆಮೇಲೆ ಬೆರಿಗೆ ಸಾಲಾಗಿ ಮೂರು: 25, 15, 22. ಅಭ್ಯಾಸ ಮುಗಿದ ಮೇಲೆ ಕತ್ತಲಾಗೋ ತನಕ ಇಬ್ಬರೇ ಮಾಡಿದ ಅದೇ ತಿರುವು, ಅದೇ ಹೆಜ್ಜೆ. ಗುಂಪು ಸೇರಿ ಮಾತಾಡೋಕೂ ಸಮಯ ಇಲ್ಲ. ಬೆರಿ ಎಲ್ಲಿರ್ತಾನೆ ಅಂತ ಯುನೈಟಸ್‌ಗೆ ಗೊತ್ತು, ಚೆಂಡು ಎಲ್ಲಿಗೆ ಬರುತ್ತೆ ಅಂತ ಬೆರಿಗೆ ಗೊತ್ತು. 7 ಸೆಕೆಂಡ್ ಇರೋವಾಗ ಸ್ಟೀವ್ ಮೈರಾ ಫೀಲ್ಡ್ ಗೋಲ್ ಒದ್ದ. 17-17.

ಮುಂದೆ ಏನು ಅಂತ ಮೈದಾನದಲ್ಲಿದ್ದ ಬಹಳ ಜನಕ್ಕೆ ಗೊತ್ತಿರಲಿಲ್ಲ. ಚಾಂಪಿಯನ್‌ಶಿಪ್ ಅಲ್ಲಿಯವರೆಗೆ ಯಾವತ್ತೂ ಹೆಚ್ಚುವರಿ ಸಮಯಕ್ಕೆ ಹೋಗಿರಲಿಲ್ಲ. ಸಮ ಆಯ್ತು, ಮನೆಗೆ ಹೋಗೋದು ಅಂದ್ಕೊಂಡ ಆಟಗಾರರೂ ಇದ್ರು. (65 ವರ್ಷ ಆದ ಮೇಲೆ ನಾವು ಕುದೇರಿನಲ್ಲಿ ನೋಡಿದ ಪಂದ್ಯದಲ್ಲೂ ಹೆಚ್ಚುವರಿ ಸಮಯದ ಹೊಸ ನಿಯಮ ತಮಗೆ ಗೊತ್ತಿರಲಿಲ್ಲ ಅಂತ ಫಾರ್ಟಿನೈನರ್ಸ್‌ನ ಕೆಲವರು ಆಮೇಲೆ ಒಪ್ಪಿಕೊಂಡ್ರು. ಸಿಲಬಸ್ ಓದದೆ ಪರೀಕ್ಷೆಗೆ ಹೋಗೋದು ನಮ್ಮ ಕಾಲೇಜಿನ ಸ್ವತ್ತೇನಲ್ಲ.) ನಿಯಮ ಸರಳ: ಮೊದಲು ಅಂಕ ಗಳಿಸಿದವರು ಗೆದ್ದರು. ಟಾಸ್ ಜೈಂಟ್ಸ್ ಕಡೆಗೆ ಬಿತ್ತು, ಆದರೆ ಮೂರು ಡೌನ್‌ನಲ್ಲಿ 10 ಯಾರ್ಡ್ ಮುಟ್ಟೋಕಾಗದೆ ಚೆಂಡು ಒದ್ದುಬಿಟ್ಟರು. ಯುನೈಟಸ್ ಮುಂದೆ 80 ಯಾರ್ಡ್.

ಆ 13 ಆಟಗಳ ಬಗ್ಗೆ ನಾವು ಇಡೀ ಸಂಚಿಕೆ ಬರೀಬಹುದು. ಎರಡನ್ನ ಮಾತ್ರ ಹೇಳ್ತೀವಿ.

ಒಂದು, ನಡುಮೈದಾನದ್ದು. ಬೆರಿಗೆ ಮತ್ತೊಂದು ಪಾಸ್ ಕೊಟ್ಟು 20 ಯಾರ್ಡ್ ಮುಂದೆ ಬಂದಾಗಿತ್ತು. ಜೈಂಟ್ಸ್ ರಕ್ಷಣೆಯ ಮಧ್ಯದ ಕಂಬ ಸ್ಯಾಮ್ ಹಫ್, ಬೆರಿಯ ಕಾಟ ತಾಳಲಾರದೆ ಒಂದೆರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಯುನೈಟಸ್ ಗೆರೆ ಮುಂದೆ ಬಂದು ಅದನ್ನ ನೋಡಿದ. ಹೇಳಿದ್ದ ಆಟ ಬಿಟ್ಟು ಅಲ್ಲೇ ಬೇರೆ ಆಟ ಕೂಗಿದ, ಚೆಂಡನ್ನ ಅಲನ್ ಅಮೀಚಿಗೆ ಕೊಟ್ಟು, ಹಫ್ ಖಾಲಿ ಮಾಡಿದ ಜಾಗದೊಳಗೇ ಓಡಿಸಿದ. 23 ಯಾರ್ಡ್. ಎರಡು ಹೆಜ್ಜೆ ಹಿಂದೆ ಸರಿದಿದ್ದಕ್ಕೆ ಅಷ್ಟು ದಂಡ. ಇಂಥ ತೀರ್ಮಾನವನ್ನ ಹಾಳೆ ಹಿಡಿದ ಕೋಚು ಗೆರೆಯಾಚೆ ನಿಂತು ಮಾಡೋಕಾಗಲ್ಲ. ಅವನಿಗೆ ಕಾಣೋ ಹೊತ್ತಿಗೆ ಸಮಯ ಮುಗಿದಿರುತ್ತೆ. ಇವತ್ತಿನ ಹುಡುಗರಿಗೂ ಆ ಕೊನೇ 15 ಸೆಕೆಂಡ್ ರೇಡಿಯೋ ಇರಲ್ಲ, ಅಷ್ಟರ ಮಟ್ಟಿಗೆ ಮಹೋಮ್ಸ್ ಕೂಡ ಯುನೈಟಸ್ ವಂಶದವನೇ.

ಇನ್ನೊಂದು, ಗೆರೆ ಹತ್ತಿರದ್ದು. ಚೆಂಡು 8 ಯಾರ್ಡ್ ಗೆರೆಯಲ್ಲಿದ್ದಾಗ ದೇಶದ ಟಿವಿಗಳೆಲ್ಲ ಒಮ್ಮೆಲೇ ಕಪ್ಪಾದವು, ಕೇಬಲ್ ಒಂದು ಕಳಚಿಕೊಂಡಿತ್ತು. ಆ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬ ಮೈದಾನಕ್ಕೆ ನುಗ್ಗಿ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡಿದ. ಅವನನ್ನ ಹಿಡಿಯೋಷ್ಟರಲ್ಲಿ ಕೇಬಲ್ ಸರಿಯಾಯ್ತು. ಅವನು ಟಿವಿ ಸಂಸ್ಥೆಯವನೇ ಅನ್ನೋ ಮಾತು ಇವತ್ತಿಗೂ ಇದೆ, ನಿಜ ಆಗಿದ್ರೆ ಅದೇ ಆ ದಿನದ ಅತ್ಯುತ್ತಮ ಇಂಜಿನಿಯರಿಂಗ್ ಪರಿಹಾರ. ಆಟ ಮತ್ತೆ ಶುರುವಾದಾಗ ಎಲ್ಲರೂ ಕಾದಿದ್ದು ಫೀಲ್ಡ್ ಗೋಲ್‌ಗೆ. ಮೂರು ಅಂಕ ಸಾಕು, ಕಿರೀಟ ಬರುತ್ತೆ. ಅಮೀಚಿ ಓಡಿ ಒಂದು ಯಾರ್ಡ್ ಪಡೆದ. ಆಮೇಲೆ ಯುನೈಟಸ್ ಪಾಸ್ ಎಸೆದ! ಬಲಗಡೆ ಅಂಚಿನಲ್ಲಿ ಜಿಮ್ ಮಚೆಲ್ಲರ್ ಹಿಡಿದು, ಒಂದು ಯಾರ್ಡ್ ಇರೋವಾಗ ಗೆರೆಯಿಂದ ಆಚೆ ಬಿದ್ದ. ಮುಂದಿನ ಆಟದಲ್ಲಿ ಅಮೀಚಿ ನುಗ್ಗಿದ. 23-17.

ಆ ಪಾಸನ್ನ ಎದುರಾಳಿ ಹಿಡಿದಿದ್ರೆ ಇಡೀ ಪಂದ್ಯ ಹೋಗ್ತಿತ್ತು. ಯಾಕೆ ಆ ಅಪಾಯಕ್ಕೆ ಕೈ ಹಾಕಿದೆ ಅಂತ ಪತ್ರಕರ್ತರು ಕೇಳಿದಾಗ, ಏನು ಮಾಡ್ತಾ ಇದೀನಿ ಅಂತ ಗೊತ್ತಿರೋನಿಗೆ ಅದು ಅಪಾಯವೇ ಅಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ನಮ್ಮ ಹಾಸ್ಟೆಲಿನಲ್ಲಿ ಇದು ಎರಡು ರಾತ್ರಿಯ ಚರ್ಚೆ. ಒಬ್ಬರ ವಾದ, ಇದು ಗೆದ್ದಿದ್ದಕ್ಕೆ ಧೈರ್ಯ ಅನ್ನಿಸಿಕೊಂಡಿದೆ, ಸೋತಿದ್ರೆ ಹುಚ್ಚು. ಇನ್ನೊಬ್ಬರ ವಾದ, ರಕ್ಷಕ ಒಳಗಡೆ ನಿಂತಿದ್ದ, ಯುನೈಟಸ್ ಎಸೆದಿದ್ದು ಹೊರಗಡೆ ಅಂಚಿಗೆ. ಹಿಡಿದ್ರೆ ಮಚೆಲ್ಲರ್ ಹಿಡೀಬೇಕು, ಇಲ್ಲ ಗೆರೆಯಾಚೆ ಬೀಳಬೇಕು. ಮೈರಾ ಆ ವರ್ಷ ಒದೆಯೋದರಲ್ಲಿ ನಂಬಿಕಸ್ಥನೂ ಆಗಿರಲಿಲ್ಲ. ಹಾಗಾದ್ರೆ ಅಪಾಯ ಯಾವ ಕಡೆ ಹೆಚ್ಚು? ನಮ್ಮ ಸಂಪಾದಕ ಮಂಡಳಿ ಎರಡನೇ ವಾದದ ಕಡೆ ವಾಲಿದೆ, ಮೂರಕ್ಕೆ ಎರಡು ಮತ.

ಆ ದಿನದ ಅವನ ಲೆಕ್ಕ 40 ಪಾಸ್‌ಗಳಲ್ಲಿ 26. ಬೆರಿ ಹಿಡಿದಿದ್ದು 12, ಒಟ್ಟು 178 ಯಾರ್ಡ್. ಮರುವರ್ಷವೂ ಚಾಂಪಿಯನ್‌ಶಿಪ್‌ನಲ್ಲಿ ಅದೇ ಜೈಂಟ್ಸ್ ಎದುರಾದ್ರು, ಕೋಲ್ಟ್ಸ್ 31-16ರಲ್ಲಿ ಗೆದ್ದರು. 1956ರ ಕೊನೆಯಿಂದ 1960ರ ಡಿಸೆಂಬರ್‌ವರೆಗೆ ಸಾಲಾಗಿ 47 ಪಂದ್ಯ, ಪ್ರತಿಯೊಂದರಲ್ಲೂ ಕನಿಷ್ಠ ಒಂದು ಟಚ್‌ಡೌನ್ ಪಾಸ್. ಆ ದಾಖಲೆ ಮುರಿಯೋಕೆ ಡ್ರೂ ಬ್ರೀಸ್ ಬರಬೇಕಾಯ್ತು, 2012ರಲ್ಲಿ.

ಈಗ ನಮ್ಮ ಸ್ಪ್ರೆಡ್‌ಶೀಟ್ ಪ್ರಿಯರ ತಕರಾರು. ಯುನೈಟಸ್ ಇಡೀ ಜೀವಮಾನದಲ್ಲಿ 5,186 ಪಾಸ್ ಎಸೆದು 2,830 ಸರಿ ಮುಟ್ಟಿಸಿದ್ದಾನೆ, ಶೇಕಡಾ 54.6. ಟಚ್‌ಡೌನ್ 290, ಎದುರಾಳಿ ಕೈ ಸೇರಿದ್ದು 253. ಪಾಸರ್ ರೇಟಿಂಗ್ 78.2. ಈ ಅಂಕ ಇಟ್ಟುಕೊಂಡು ಇವತ್ತು ಯಾವ ತಂಡಕ್ಕೆ ಹೋದ್ರೂ ಬೆಂಚ್ ಮೇಲೆ ಕೂರಿಸ್ತಾರೆ. ಸರಿ, ಆದರೆ ಆ ರೇಟಿಂಗ್ ಸೂತ್ರ ಏನು ಅಂತ ತೆಗೆದು ನೋಡಿ. ಸರಿ ಮುಟ್ಟಿದ ಶೇಕಡಾ, ಪಾಸಿಗೆ ಸಿಕ್ಕ ಯಾರ್ಡ್, ಟಚ್‌ಡೌನ್ ಪ್ರಮಾಣ, ಕಳಕೊಂಡ ಪ್ರಮಾಣ, ಈ ನಾಲ್ಕನ್ನ ಕೂಡಿಸಿ ಗರಿಷ್ಠ 158.3 ಬರೋ ಹಾಗೆ ಕೂರಿಸಿದ್ದು. ಲೀಗ್ ಅದನ್ನ ಜಾರಿಗೆ ತಂದಿದ್ದು 1973ರಲ್ಲಿ, ಯುನೈಟಸ್‌ನ ಕೊನೇ ಸೀಸನ್. 1978ರಲ್ಲಿ ನಿಯಮ ಬದಲಾಗಿ, ಪಾಸ್ ಹಿಡಿಯೋಕೆ ಓಡುವವನನ್ನ ಐದು ಯಾರ್ಡ್ ಆದ ಮೇಲೆ ರಕ್ಷಕ ಮುಟ್ಟೋ ಹಾಗಿಲ್ಲ ಅಂತಾಯ್ತು. ಅದಕ್ಕೂ ಮುಂಚೆ ದಾರಿಯುದ್ದಕ್ಕೂ ತಳ್ಳಬಹುದಿತ್ತು. ಬೇರೆ ಬೇರೆ ಘರ್ಷಣೆಯಲ್ಲಿ ಮಾಡಿದ ಪ್ರಯೋಗದ ರೀಡಿಂಗ್‌ಗಳನ್ನ ಒಂದೇ ಟೇಬಲ್‌ನಲ್ಲಿ ಬರೆದರೆ ಲ್ಯಾಬ್‌ನಲ್ಲಿ ಮೇಡಂ ರೆಕಾರ್ಡ್ ಬಿಸಾಡ್ತಾರೆ. ಆ ಸೂತ್ರದಲ್ಲಿ ಹಫ್ ಹಿಂದೆ ಸರಿದಿದ್ದನ್ನ ನೋಡಿದ್ದಕ್ಕೆ ಅಂಕವೇ ಇಲ್ಲ. ಆ ಆಟದಲ್ಲಿ ಅವನು ಪಾಸ್ ಎಸೆಯಲೇ ಇಲ್ಲವಲ್ಲ!

1959, 1964, 1967, ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ ಆದ. 1968ರ ಸೀಸನ್ ಶುರುವಾಗೋ ಮುಂಚೆ ಮೊಣಕೈ ಹೋಯ್ತು. ಬದಲಿಗೆ ಬಂದ ಅರ್ಲ್ ಮೊರಾಲ್ ಎಷ್ಟು ಚೆನ್ನಾಗಿ ಆಡಿದ ಅಂದ್ರೆ ಆ ವರ್ಷದ ಶ್ರೇಷ್ಠ ಆಟಗಾರನೇ ಆದ. 1969ರ ಜನವರಿ 12ರಂದು ಮೂರನೇ ಸೂಪರ್ ಬೌಲ್, ಎದುರಿಗೆ ನ್ಯೂಯಾರ್ಕ್ ಜೆಟ್ಸ್, ಅವರ ಕ್ವಾರ್ಟರ್‌ಬ್ಯಾಕ್ ಜೋ ನೇಮತ್. ಕೋಲ್ಟ್ಸ್ ಸಲೀಸಾಗಿ ಗೆಲ್ತಾರೆ ಅಂತ ದೇಶವೆಲ್ಲ ನಂಬಿತ್ತು. ಮೊರಾಲ್ ಪಾಸ್‌ಗಳು ಒಂದರ ಹಿಂದೊಂದು ಎದುರಾಳಿ ಕೈ ಸೇರಿದ್ವು. ಕೋಚ್ ಡಾನ್ ಶೂಲಾ ಯುನೈಟಸ್‌ನನ್ನ ಇಳಿಸಿದಾಗ ಬಹಳ ತಡ ಆಗಿತ್ತು. ಕೈಯಲ್ಲಿ ಬಲ ಇಲ್ಲದಿದ್ರೂ ತಂಡದ ಒಂದೇ ಒಂದು ಟಚ್‌ಡೌನ್ ಅವನ ಮುಂದಾಳತ್ವದಲ್ಲೇ ಬಂತು, ಪಂದ್ಯ 16-7ರಲ್ಲಿ ಹೋಯ್ತು. ವಿರಾಮಕ್ಕೇ ಇಳಿಸಿದ್ರೆ? ಈ ಜಗಳ ಅಮೆರಿಕದಲ್ಲೇ ಇನ್ನೂ ಮುಗಿದಿಲ್ಲ, ನಾವು ಕೈ ಹಾಕಲ್ಲ. ಆ ದಿನ ಜೆಟ್ಸ್ ಕೋಚ್ ಯಾರು ಗೊತ್ತಾ? ಯುನೈಟಸ್‌ಗೆ ಆಟ ಬಿಟ್ಟುಕೊಟ್ಟಿದ್ದ ಅದೇ ವೀಬ್ ಯೂಬ್ಯಾಂಕ್.

ಎರಡು ವರ್ಷದ ಮೇಲೆ ಡಲ್ಲಾಸ್ ಕೌಬಾಯ್ಸ್ ಮೇಲೆ 16-13ರಲ್ಲಿ ಸೂಪರ್ ಬೌಲ್ ಗೆದ್ದರು. ಜಾನ್ ಮ್ಯಾಕಿಗೆ ಒಂದು 75 ಯಾರ್ಡ್ ಟಚ್‌ಡೌನ್ ಪಾಸ್ ಎಸೆದ, ಪೆಟ್ಟು ತಿಂದು ಹೊರಗೆ ಹೋದ, ಮುಗಿಸಿದ್ದು ಮೊರಾಲ್. 1973ರಲ್ಲಿ ಕೋಲ್ಟ್ಸ್ ಅವನನ್ನ ಸ್ಯಾನ್ ಡಿಯಾಗೋ ಚಾರ್ಜರ್ಸ್‌ಗೆ ಮಾರಿದ್ರು. ಅಲ್ಲಿ ಪಾಸಿಂಗ್‌ನಲ್ಲಿ 40,000 ಯಾರ್ಡ್ ದಾಟಿದ ಮೊದಲಿಗನಾದ, ಅಷ್ಟೇ. 1979ರಲ್ಲಿ ಹಾಲ್ ಆಫ್ ಫೇಮ್.

ಆಮೇಲಿನ ಬದುಕು ಅಷ್ಟು ಸುಖದ್ದಲ್ಲ. ಮೊದಲ ಮದುವೆ ಮುರೀತು, ಎರಡನೇ ಮದುವೆ ಆಯ್ತು, ಒಟ್ಟು ಎಂಟು ಮಕ್ಕಳು. ಕೈ ಹಾಕಿದ ವ್ಯಾಪಾರಗಳಲ್ಲಿ ಪೆಟ್ಟು ತಿಂದು 1991ರಲ್ಲಿ ದಿವಾಳಿ ಅರ್ಜಿ ಹಾಕಿದ. ಚೆಂಡು ಎಸೆದ ಬಲಗೈಯ ಬೆರಳುಗಳು ಮಡಚೋದನ್ನ ನಿಲ್ಲಿಸಿದ್ವು. ಗಾಲ್ಫ್ ಕೋಲನ್ನ ಪಟ್ಟಿಯಿಂದ ಕೈಗೆ ಕಟ್ಟಿಕೊಂಡು ಆಡ್ತಾ ಇದ್ದ. ಅಂಗವೈಕಲ್ಯದ ಪರಿಹಾರ ಕೇಳಿದ್ರೆ ಲೀಗ್ ಕೊಡಲಿಲ್ಲ. 1984ರ ಮಾರ್ಚ್‌ನ ಒಂದು ರಾತ್ರಿ ಮಾಲೀಕರು ತಂಡದ ಸಾಮಾನನ್ನೆಲ್ಲ ಲಾರಿಗಳಿಗೆ ತುಂಬಿಸಿ, ಬೆಳಗಾಗೋದರೊಳಗೆ ಬಾಲ್ಟಿಮೋರ್ ಬಿಟ್ಟು ಇಂಡಿಯಾನಾಪೊಲಿಸ್‌ಗೆ ಹೊರಟುಹೋದಾಗ, ಆ ಹೊಸ ಕೋಲ್ಟ್ಸ್ ಜೊತೆ ತನಗೆ ಯಾವ ಸಂಬಂಧವೂ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದ. ತನ್ನ ದಾಖಲೆಗಳು ಬಾಲ್ಟಿಮೋರಿನವು ಅನ್ನೋದು ಅವನ ಹಟ. 1996ರಲ್ಲಿ ಬಾಲ್ಟಿಮೋರ್ ರೇವನ್ಸ್ ಅನ್ನೋ ಬೇರೆ ತಂಡ ಬಂದ ಮೇಲೆ ಆ ಮೈದಾನದ ಅಂಚಿನಲ್ಲಿ ಬಂದು ನಿಲ್ತಾ ಇದ್ದ.

2002ರ ಸೆಪ್ಟೆಂಬರ್ 11ರಂದು, ಬಾಲ್ಟಿಮೋರ್ ಪಕ್ಕದ ಟಿಮೋನಿಯಂನಲ್ಲಿ, ಫಿಸಿಯೋಥೆರಪಿ ಕೇಂದ್ರದಲ್ಲಿ ವ್ಯಾಯಾಮ ಮಾಡ್ತಾ ಇರೋವಾಗ ಹೃದಯಾಘಾತವಾಗಿ ತೀರಿಕೊಂಡ. 69 ವರ್ಷ.

ಅವನ ಗುರುತು ಕತ್ತರಿಸಿದ ಕ್ರಾಪು, 19ನೇ ನಂಬರು, ಕಣಕಾಲು ಮುಚ್ಚೋ ಕಪ್ಪು ಬೂಟು. ಆ ವಾರದ ಪಂದ್ಯಕ್ಕೆ ಅಂಥದ್ದೇ ಕಪ್ಪು ಬೂಟು ಹಾಕಿಕೊಳ್ತೀನಿ ಅಂತ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪೇಟನ್ ಮ್ಯಾನಿಂಗ್ ಲೀಗಿನ ಅನುಮತಿ ಕೇಳಿದ. ಹಾಕಿದ್ರೆ 25,000 ಡಾಲರ್ ದಂಡ ಅಂದ್ರು, ಅವನು ಹಾಕಲಿಲ್ಲ. ರೇವನ್ಸ್ ಕ್ವಾರ್ಟರ್‌ಬ್ಯಾಕ್ ಕ್ರಿಸ್ ರೆಡ್‌ಮನ್, ಯುನೈಟಸ್ ಓದಿದ ಲೂಯಿವಿಲ್‌ನಲ್ಲೇ ಓದಿದವನು, ಯಾರನ್ನೂ ಕೇಳದೆ ಹಾಕಿಕೊಂಡು ಆಡಿದ. 5,000 ಡಾಲರ್ ದಂಡ ಬಿತ್ತು.